ವುಡ್‌ಕಾಕೋ, ಸ್ನೈಪೋ? ಕಾಡಿನ ಉದ್ದ ಕೊಕ್ಕಿನ ಹಕ್ಕಿಯನ್ನು ಗುರುತಿಸುವ ಕ್ರಮ

ಬೆಟ್ಟದ ಕಾಡಿನಲ್ಲಿ, ತರಗೆಲೆ ಕೊಳೆತು ತೇವವಾಗಿರುವ ನೆಲದಿಂದ ಕಂದು ಬಣ್ಣದ ಉದ್ದ ಕೊಕ್ಕಿನ ಹಕ್ಕಿಯೊಂದು ತಟ್ಟನೆ ಎದ್ದು ಮರಗಳ ನಡುವೆ ಮರೆಯಾಗುತ್ತದೆ. ನೋಡಿದವರಿಗೆ ಸಿಕ್ಕಿದ್ದು ಎರಡೋ ಮೂರೋ ಸೆಕೆಂಡು. ಆ ಹೊತ್ತಿನಲ್ಲಿ ಹಕ್ಕಿಯ ಯಾವ ಭಾಗ ನೋಡಬೇಕು ಎಂಬುದು ಮೊದಲೇ ತಿಳಿದಿರದಿದ್ದರೆ ಉಳಿಯುವುದು ‘ಏನೋ ಕಂದು, ಕೊಕ್ಕು ಉದ್ದ’ ಎಂಬ ನೆನಪು ಮಾತ್ರ. ಅಷ್ಟರಿಂದ ಯಾವ ತೀರ್ಮಾನವೂ ಆಗದು, ಏಕೆಂದರೆ ಅದೇ ವರ್ಣನೆಗೆ ಹೊಂದುವ ಹಕ್ಕಿಗಳು ನಮ್ಮಲ್ಲಿ ಅರ್ಧ ಡಜನ್‌ಗಿಂತ ಹೆಚ್ಚಿವೆ.

ಈ ಲೇಖನದ ನಡುವಿನ ಹಕ್ಕಿ ಯುರೇಷಿಯನ್ ವುಡ್‌ಕಾಕ್. ಕೆಸರು ಕೆದಕುವ ಗೊರವ, ಉಲ್ಲಂಕಿಗಳ ಕುಟುಂಬದ್ದೇ ಆದರೂ ನೀರಂಚು ಬಿಟ್ಟು ಕಾಡಿನೊಳಗೆ ಬದುಕು ಕಟ್ಟಿಕೊಂಡದ್ದು. ಹಗಲೆಲ್ಲ ಮರದಡಿಯ ತರಗೆಲೆಯಲ್ಲಿ ಕದಲದೆ ಕೂತು, ಕತ್ತಲಾದ ಮೇಲೆ ಬಯಲಿಗೆ ಹೋಗಿ ಎರೆಹುಳು ಹೆಕ್ಕುತ್ತದೆ. ಯುರೋಪಿನಿಂದ ಜಪಾನಿನವರೆಗೆ ಹರಡಿರುವ ಈ ಹಕ್ಕಿ ಭಾರತದಲ್ಲಿ ಹಿಮಾಲಯದ ಕಾಡುಗಳಲ್ಲಿ ಮರಿ ಮಾಡುತ್ತದೆ. ಚಳಿಗಾಲದಲ್ಲಿ ಕೆಲವು ಹಕ್ಕಿಗಳು ನೀಲಗಿರಿ, ಪಳನಿಯಂಥ ದಕ್ಷಿಣದ ಎತ್ತರದ ಬೆಟ್ಟಗಳವರೆಗೂ ಬರುತ್ತವೆ. ಹೆಚ್ಚಾಗಿ ಗೊಂದಲವಾಗುವುದು ಸ್ನೈಪ್‌ಗಳ ಜೊತೆ, ಅಂದರೆ ಉಲ್ಲಂಕಿಗಳ ಜೊತೆ. ಅವುಗಳಲ್ಲೂ ಒಂದು ಪ್ರಭೇದ ಅನುಭವಿಗಳನ್ನೂ ದಾರಿ ತಪ್ಪಿಸಬಲ್ಲದು. ಅದಕ್ಕೆ ಮುಂದೆ ಬರೋಣ.

ಮೊದಲು ಗಾತ್ರ ಮತ್ತು ಆಕಾರ

ವುಡ್‌ಕಾಕ್‌ನ ಉದ್ದ 33ರಿಂದ 38 ಸೆಂಟಿಮೀಟರ್, ತೂಕ ಸುಮಾರು 300 ಗ್ರಾಂ. ಪಾರಿವಾಳದಷ್ಟೇ ತೂಕ, ಅದಕ್ಕಿಂತ ದುಂಡು ಮೈ. ಸಾಮಾನ್ಯ ಸ್ನೈಪ್ (ಕಾಮನ್ ಸ್ನೈಪ್ ಎಂಬ ಪ್ರಭೇದ) 25ರಿಂದ 27 ಸೆಂ.ಮೀ., ತೂಕ 100 ಗ್ರಾಂ ಆಸುಪಾಸು. ಎಂದರೆ ಗೊರವಂಕದ ಲೆಕ್ಕ. ಹೋಲಿಕೆಗೆ ಈ ಎರಡು ಹಕ್ಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎದ್ದು ಹಾರಿದ್ದು ಪಾರಿವಾಳದ ಗಾತ್ರದ್ದೋ ಗೊರವಂಕದ ಗಾತ್ರದ್ದೋ ಎಂದು ಆ ಕ್ಷಣದಲ್ಲೇ ನಿರ್ಧರಿಸಿ. ಆಮೇಲೆ ನೆನಪಿಸಿಕೊಳ್ಳಲು ಹೋದರೆ ಗಾತ್ರ ಮನಸ್ಸಿನಲ್ಲಿ ಹಿಗ್ಗುತ್ತದೆ.

ಕೊಕ್ಕಿನ ಉದ್ದವನ್ನು ಮಾತ್ರ ಗುರುತಿಗೆ ಬಳಸಬೇಡಿ. ವುಡ್‌ಕಾಕ್‌ನ ಕೊಕ್ಕು 6ರಿಂದ 8 ಸೆಂ.ಮೀ. ಇದ್ದರೆ ಸಾಮಾನ್ಯ ಸ್ನೈಪ್‌ನದು ಸುಮಾರು 6ರಿಂದ 7. ಅಳತೆ ಹೆಚ್ಚು ಕಡಿಮೆ ಒಂದೇ. ಆದರೆ ವುಡ್‌ಕಾಕ್‌ನ ಮೈ ಮೂರು ಪಟ್ಟು ಭಾರ, ತಲೆಯೂ ದೊಡ್ಡದು. ಹಾಗಾಗಿ ಅದರ ಕೊಕ್ಕು ದಪ್ಪವಾಗಿ, ಮೈಗೆ ತಕ್ಕಂತೆ ಕಾಣುತ್ತದೆ. ಸ್ನೈಪ್‌ನ ಕೊಕ್ಕೋ ಮೈಗೆ ಅತಿಯಾಯಿತೇನೋ ಅನ್ನಿಸುವಷ್ಟು ಉದ್ದ. ಕಣ್ಣಿಗೆ ಬೀಳುವುದು ಪ್ರಮಾಣವೇ ಹೊರತು ಅಳತೆಯಲ್ಲ.

ರೆಕ್ಕೆಯೂ ಬೇರೆ. ವುಡ್‌ಕಾಕ್‌ನದು ಅಗಲವಾಗಿ, ತುದಿ ದುಂಡಗಾಗಿದ್ದು ಬಿಚ್ಚಿದಾಗ 55ರಿಂದ 65 ಸೆಂ.ಮೀ. ಬರುತ್ತದೆ. ಸಾಮಾನ್ಯ ಸ್ನೈಪ್‌ನದು ಕಿರಿದು, ಚೂಪು. ಬಾಲ ಎರಡರಲ್ಲೂ ಮೋಟು.

ನಿರ್ಣಾಯಕ ಗುರುತು: ನೆತ್ತಿಯ ಪಟ್ಟೆ ಅಡ್ಡವೋ, ಉದ್ದವೋ

ಇದೊಂದನ್ನು ಕಂಡರೆ ಉಳಿದ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ. ವುಡ್‌ಕಾಕ್‌ನ ಹಣೆ ಬೂದುಗಂದು, ಹೆಚ್ಚು ಗುರುತುಗಳಿಲ್ಲದ್ದು. ಕಣ್ಣಿನ ನೇರದಿಂದ ಹಿಂದಕ್ಕೆ, ನೆತ್ತಿಯಿಂದ ಕತ್ತಿನ ಹಿಂಭಾಗದವರೆಗೆ, ದಪ್ಪ ಕಪ್ಪು ಪಟ್ಟೆಗಳು ಎಡದಿಂದ ಬಲಕ್ಕೆ ಅಡ್ಡಲಾಗಿ ಹಾದಿರುತ್ತವೆ. ಮೂರೋ ನಾಲ್ಕೋ ಇರುತ್ತವೆ, ನಡುನಡುವೆ ತೆಳುವಾದ ತಿಳಿಗಂದು ಗೆರೆ. ಸ್ನೈಪ್‌ಗಳಲ್ಲಿ ಪಟ್ಟೆಗಳು ಕೊಕ್ಕಿನ ಬುಡದಿಂದ ಕತ್ತಿನ ಕಡೆಗೆ ಉದ್ದಕ್ಕೆ ಓಡುತ್ತವೆ: ನೆತ್ತಿಯ ನಡುವೆ ಒಂದು ತಿಳಿ ಗೆರೆ, ಅದರ ಎರಡೂ ಬದಿಗೆ ಕಪ್ಪು ಪಟ್ಟೆ, ಆಮೇಲೆ ಕಣ್ಣಿನ ಮೇಲೆ ತಿಳಿ ಹುಬ್ಬುಗೆರೆ.

ಕೂತ ಹಕ್ಕಿಯನ್ನು ಬದಿಯಿಂದ ನೋಡಿದರೂ ಇದು ಕಾಣುತ್ತದೆ. ವುಡ್‌ಕಾಕ್‌ನಲ್ಲಿ ನೆತ್ತಿಯ ಹಿಂದೆ ಕಪ್ಪು ಕಟ್ಟುಗಳ ಅಂಚು ಒಂದರ ಕೆಳಗೊಂದು ಮೆಟ್ಟಿಲಾಗಿ ಇಳಿಯುತ್ತದೆ, ಕಣ್ಣಿನ ಮೇಲೆ ಉದ್ದನೆಯ ತಿಳಿ ಗೆರೆ ಇರುವುದಿಲ್ಲ. ಕೊಕ್ಕಿನಿಂದ ಕಣ್ಣಿಗೆ ಒಂದು ಕಪ್ಪು ಗೆರೆ, ಕೆನ್ನೆಯ ಕೆಳಗೆ ಇನ್ನೊಂದು ಮಸುಕು ಗೆರೆ ಇದ್ದಾವು, ಅವನ್ನು ನೋಡಿ ‘ಮುಖದಲ್ಲಿ ಉದ್ದ ಪಟ್ಟೆ ಇದೆ, ಹಾಗಾಗಿ ಸ್ನೈಪ್’ ಎಂದುಕೊಳ್ಳುವುದು ಹೊಸಬರಿಗೆ ಆಗಾಗ ಆಗುವ ಎಡವಟ್ಟು. ಮುಖದ ಗೆರೆ ಬಿಟ್ಟುಬಿಡಿ, ನೆತ್ತಿಯನ್ನೇ ನೋಡಿ.

ತಲೆಯಲ್ಲೇ ಇನ್ನೊಂದು ಸುಳಿವಿದೆ. ವುಡ್‌ಕಾಕ್‌ನ ದೊಡ್ಡ ಕಪ್ಪು ಕಣ್ಣು ತಲೆಯಲ್ಲಿ ಬಹಳ ಮೇಲೆ, ಬಹಳ ಹಿಂದೆ ಕೂತಿದೆ. ಕೊಕ್ಕನ್ನು ಮಣ್ಣಿಗೆ ಪೂರ್ತಿ ಇಳಿಸಿದಾಗಲೂ ಸುತ್ತಲೂ, ಬೆನ್ನ ಹಿಂದೆ ಸಹ, ಅದಕ್ಕೆ ಕಾಣುತ್ತದೆ. ಕಿವಿಯ ರಂಧ್ರ ಕಣ್ಣಿಗಿಂತ ಕೆಳಗೆ, ಮುಂದಕ್ಕೆ ಸರಿದಿದೆ. ಇದರಿಂದ ತಲೆಗೆ ಒಂದು ವಿಚಿತ್ರ ಆಕಾರ ಬಂದಿದೆ: ಹಣೆ ಕಡಿದಾಗಿ ಏರಿ, ನೆತ್ತಿ ಹಿಂದಕ್ಕೆ ಎತ್ತರವಾಗಿ, ಕಣ್ಣು ಅದರ ತುದಿಗೆ ತಗುಲಿದಂತಿರುತ್ತದೆ. ಸ್ನೈಪ್‌ನಲ್ಲೂ ಕಣ್ಣು ಸ್ವಲ್ಪ ಹಿಂದೆಯೇ ಇದೆ, ಆದರೆ ಇಷ್ಟು ಅತಿಯಾಗಿ ಅಲ್ಲ. ತರಗೆಲೆಯಲ್ಲಿ ಕೂತ ವುಡ್‌ಕಾಕ್‌ನ ಮೈ ಎಲೆಗಳಲ್ಲಿ ಕರಗಿಹೋಗಿದ್ದರೂ ಆ ಕಣ್ಣು ಹೊಳೆಯುತ್ತದೆ. ಎಷ್ಟೋ ಸಲ ಮೊದಲು ಕಾಣುವುದು ಅದೊಂದೇ.

ಎರಡನೆಯದು ಹೊಟ್ಟೆ, ಮೂರನೆಯದು ಬೆನ್ನು

ವುಡ್‌ಕಾಕ್‌ನ ಗಂಟಲಿನ ಕೆಳಗಿನಿಂದ ಬಾಲದ ಬುಡದವರೆಗೆ ಇಡೀ ಕೆಳಮೈ ತಿಳಿಗಂದು, ಅದರ ಮೇಲೆ ಕಡುಗಂದಿನ ಸಣ್ಣ ಸಣ್ಣ ಅಡ್ಡಗೆರೆ. ಎಲ್ಲೂ ಬಿಳಿ ತುಂಡಿಲ್ಲ. ಸಾಮಾನ್ಯ ಸ್ನೈಪ್‌ನ ಎದೆ ಕಂದು ಗೆರೆಗಳಿಂದ ತುಂಬಿದ್ದರೂ ಹೊಟ್ಟೆಯ ನಡುಭಾಗ ಬೆಳ್ಳಗೆ ಬಯಲಾಗಿರುತ್ತದೆ. ಹಕ್ಕಿ ತಲೆಯ ಮೇಲಿಂದ ಹಾದಾಗ ಅಥವಾ ತಿರುವು ತೆಗೆದುಕೊಂಡು ಒಂದು ಬದಿಗೆ ವಾಲಿದಾಗ ಈ ಬಿಳುಪು ಚೆನ್ನಾಗಿ ಕಾಣುತ್ತದೆ. ನೆಲಕ್ಕೆ ಒತ್ತಿಕೊಂಡು ಕೂತಾಗ ಕಾಣುವುದೇ ಇಲ್ಲ. ಆದ್ದರಿಂದ ‘ಬಿಳಿ ಹೊಟ್ಟೆ ಕಾಣಲಿಲ್ಲ’ ಎನ್ನುವುದು ‘ಹೊಟ್ಟೆ ಬಿಳಿಯಲ್ಲ’ ಎಂಬುದಕ್ಕೆ ಸಾಕ್ಷಿಯಲ್ಲ. ಟಿಪ್ಪಣಿಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ಬೆನ್ನಿನ ವಿಷಯ ಇನ್ನೂ ಸುಲಭ. ಸ್ನೈಪ್‌ನ ಕಡುಗಂದು ಬೆನ್ನಿನ ಮೇಲೆ ಉದ್ದುದ್ದ ತಿಳಿಹಳದಿ ಗೆರೆಗಳು ಸ್ಪಷ್ಟವಾಗಿ ಓಡುತ್ತವೆ, ಹುಲ್ಲಿನ ಒಣ ಎಸಳುಗಳ ನಡುವೆ ಅಡಗಲು ಹೇಳಿ ಮಾಡಿಸಿದ ವೇಷ ಅದು. ವುಡ್‌ಕಾಕ್ ಅಡಗುವುದು ತರಗೆಲೆಯಲ್ಲಿ. ಅದರ ಬೆನ್ನಿನಲ್ಲಿ ಕೆಂಗಂದು, ಕಪ್ಪು, ಬೂದು, ತಿಳಿಗಂದುಗಳು ಕಲಸಿಕೊಂಡಿರುತ್ತವೆ. ಬೂದು ಛಾಯೆಯ ಗೆರೆಯೊಂದು ಹತ್ತಿರದಿಂದ ಕಂಡೀತು, ಆದರೆ ಎದ್ದು ಕಾಣುವ ಹಳದಿ ಪಟ್ಟಿಗಳಿಲ್ಲ. ಎಲ್ಲಿ ಅಡಗುತ್ತದೋ ಅದಕ್ಕೆ ತಕ್ಕ ಗೆರೆ: ಹುಲ್ಲಿನ ಹಕ್ಕಿಗೆ ಉದ್ದ, ತರಗೆಲೆಯ ಹಕ್ಕಿಗೆ ಚೂರುಚೂರು. ಈ ಕಾರಣ ಗೊತ್ತಿದ್ದರೆ ಗುರುತು ಮರೆಯುವುದಿಲ್ಲ.

ಕಾಲು ಕಾಣುವುದು ಅಪರೂಪ. ಕಂಡರೆ, ವುಡ್‌ಕಾಕ್‌ನ ಕಾಲಿನ ಮೇಲಿನ ತುಂಡು ಗಂಟಿನವರೆಗೂ ಗರಿ ಹೊದ್ದಿರುತ್ತದೆ. ಸಾಮಾನ್ಯ ಸ್ನೈಪ್‌ನಲ್ಲಿ ಗಂಟಿನ ಮೇಲೆ ಸ್ವಲ್ಪ ಬರಿ ಚರ್ಮ ಇರುತ್ತದೆ. ಒಳ್ಳೆಯ ಫೋಟೋ ಇದ್ದಾಗ ಇದನ್ನು ಪರೀಕ್ಷಿಸಿ.

ಹಾರಿದಾಗ: ಆ ಎರಡು ಮೂರು ಸೆಕೆಂಡಿನ ಕೆಲಸ

ಹೆಚ್ಚಿನ ದಾಖಲೆಗಳು ಹುಟ್ಟುವುದು ಎದ್ದು ಹಾರಿದ ಹಕ್ಕಿಯಿಂದಲೇ. ಹಾಗಾಗಿ ಈ ಹೊತ್ತಿನಲ್ಲಿ ಏನೇನು ನೋಡಬೇಕೆಂಬ ಅನುಕ್ರಮವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ಕಿವಿ. ಸಾಮಾನ್ಯ ಸ್ನೈಪ್ ಎದ್ದ ಕೂಡಲೇ, ಅಥವಾ ಒಂದೆರಡು ಕ್ಷಣದಲ್ಲಿ, ಬಟ್ಟೆ ಪರ್ರನೆ ಹರಿದಂಥ ಒರಟು ಕೂಗು ಹಾಕುತ್ತದೆ. ವುಡ್‌ಕಾಕ್ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ, ರೆಕ್ಕೆಯ ಬಡಿತದ ಸದ್ದು ಮಾತ್ರ ಕೇಳುತ್ತದೆ. ಕೂಗು ಕೇಳಿದರೆ ಸ್ನೈಪ್ ಕಡೆಗೆ ಬಲವಾದ ವಾಲು. ಕೂಗು ಕೇಳದಿದ್ದರೆ ಯಾವ ಕಡೆಗೂ ತೀರ್ಪು ಕೊಡಬೇಡಿ, ಮೌನವಾಗಿ ಏಳುವ ಸ್ನೈಪ್‌ಗಳೂ ಇವೆ.

ಎರಡನೆಯದು ಹಾರಿದ ದಾರಿ. ಸ್ನೈಪ್ ಎದ್ದ ಕೂಡಲೇ ಎಡಕ್ಕೆ ಬಲಕ್ಕೆ ತಟತಟನೆ ಹೊರಳುತ್ತ, ಎತ್ತರಕ್ಕೇರಿ, ಬಯಲಿನ ಮೇಲೆ ದೊಡ್ಡ ಸುತ್ತು ಹಾಕಿ ಬಹಳ ದೂರ ಹೋಗುತ್ತದೆ. ವುಡ್‌ಕಾಕ್ ಮರಗಳ ನಡುವೆ ದಾರಿ ಹುಡುಕಿಕೊಂಡು, ಕಾಂಡಗಳನ್ನು ತಪ್ಪಿಸುತ್ತ ತಿರುಗಿ ತಿರುಗಿ ಹೋಗಿ, ಸ್ವಲ್ಪ ದೂರದಲ್ಲೇ ಮತ್ತೆ ಪೊದೆಯ ಹಿಂದೆ ಇಳಿಯುತ್ತದೆ. ಹಾರುವಾಗ ಕೊಕ್ಕು ನೆಲದ ಕಡೆಗೆ ಬಾಗಿರುತ್ತದೆ. ತಲೆ ಮೈಗೆ ಅಂಟಿಕೊಂಡಂತೆ, ಕತ್ತೇ ಇಲ್ಲವೇನೋ ಎಂಬಂತೆ ಕಾಣುತ್ತದೆ.

ಮೂರನೆಯದು ದೂರವಾಗುತ್ತಿರುವ ಹಕ್ಕಿಯ ಹಿಂಭಾಗ. ವುಡ್‌ಕಾಕ್‌ನ ಸೊಂಟ ಮತ್ತು ಬಾಲದ ಮೇಲ್ಗರಿಗಳು ಬೆಚ್ಚನೆಯ ಕೆಂಗಂದು, ಅದರ ಕೆಳಗೆ ಕಪ್ಪು ಬಾಲ. ಬಾಲದ ತುದಿ ಮೇಲಿನಿಂದ ಬೂದು, ಕೆಳಗಿನಿಂದ ಅಚ್ಚ ಬಿಳಿ. ಈ ಬಿಳಿ ಸಾಮಾನ್ಯ ಬಿಳಿಯಲ್ಲ. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದನ್ನು ಅಳೆದಾಗ, ಅಲ್ಲಿಯವರೆಗೆ ಹಕ್ಕಿಗಳಲ್ಲಿ ಅಳೆದಿದ್ದ ಬಿಳಿಗಳಲ್ಲೆಲ್ಲ ಇದೇ ಹೆಚ್ಚು ಪ್ರಖರ ಎಂದು ಕಂಡುಬಂತು. ಬಿದ್ದ ಬೆಳಕಿನಲ್ಲಿ ಶೇಕಡಾ 55ರವರೆಗೆ ಚದುರಿಸಿ ಹಿಂದಿರುಗಿಸುತ್ತದೆ. ಮುಸ್ಸಂಜೆಯ ಮಂದ ಬೆಳಕಿನಲ್ಲಿ ಒಂದನ್ನೊಂದು ಕಾಣಲು ಹಕ್ಕಿಗೆ ಇದು ನೆರವಾಗಬಹುದು. ಕೂತಿರುವಾಗ ಬಿಳುಪು ಕೆಳಮುಖವಾಗಿ ಅಡಗಿರುತ್ತದೆ, ಹಾಗಾಗಿ ವೇಷ ಕೆಡುವುದಿಲ್ಲ. ಸ್ನೈಪ್‌ನ ಬಾಲದಲ್ಲಿ ತುದಿಯ ಹತ್ತಿರ ಕಿತ್ತಳೆಗೆಂಪು ಪಟ್ಟಿ ಕಾಣುತ್ತದೆ, ಅದರಾಚೆ ತುದಿಗೆ ಸ್ವಲ್ಪ ಬಿಳಿ.

ನಾಲ್ಕನೆಯದು ರೆಕ್ಕೆಯ ಹಿಂದಂಚು. ಸಾಮಾನ್ಯ ಸ್ನೈಪ್‌ನ ಒಳರೆಕ್ಕೆಯ ಹಿಂದಂಚಿನಲ್ಲಿ ಬಿಳಿ ಗೆರೆಯಿದೆ, ತಿರುವಿನಲ್ಲಿ ಮಿಂಚುತ್ತದೆ. ವುಡ್‌ಕಾಕ್‌ಗೆ ಇಲ್ಲ. ಆದರೆ ಮುಂದೆ ಬರುವ ಇನ್ನೊಂದು ಪ್ರಭೇದ ಪಿನ್‌ಟೇಲ್ ಸ್ನೈಪ್‌ಗೂ ಇಲ್ಲ. ಆದ್ದರಿಂದ ಬಿಳಿ ಗೆರೆ ಇದ್ದರೆ ವುಡ್‌ಕಾಕ್ ಅಲ್ಲ ಎನ್ನಬಹುದು, ಇಲ್ಲದಿದ್ದರೆ ಇದರಿಂದ ಏನೂ ಹೇಳಲಾಗದು.

ಎಲ್ಲ ಲೆಕ್ಕ ತಪ್ಪಿಸುವ ಹಕ್ಕಿ: ವುಡ್ ಸ್ನೈಪ್

ಇಲ್ಲಿ ನಿಧಾನ ಮಾಡಬೇಕು. ವುಡ್ ಸ್ನೈಪ್ ಸ್ನೈಪ್‌ಗಳಲ್ಲಿ ದಪ್ಪನೆಯದು, 28ರಿಂದ 32 ಸೆಂ.ಮೀ., ಬಣ್ಣವೂ ಎಲ್ಲಕ್ಕಿಂತ ಕಡು. ಹೊಟ್ಟೆ ಪೂರ್ತಿ ಅಡ್ಡಗೆರೆ, ಬಿಳಿಯಿಲ್ಲ. ರೆಕ್ಕೆ ಅಗಲ, ದುಂಡು. ಹಾರಾಟ ಭಾರ, ನಿಧಾನ, ಕೊಕ್ಕು ಕೆಳಗೆ. ಎದ್ದಾಗ ಅನೇಕ ಸಲ ಕೂಗುವುದೂ ಇಲ್ಲ, ದೂರ ಹೋಗದೆ ಬೇಗ ಇಳಿಯುತ್ತದೆ. ಹಿಮಾಲಯದ ಎತ್ತರದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಕೆಳಗಿನ ಕಾಡಂಚಿನ ಜೌಗಿಗೂ ಅಪರೂಪವಾಗಿ ದಕ್ಷಿಣದ ಬೆಟ್ಟಗಳಿಗೂ ಬರುತ್ತದೆ. ಅಂದರೆ ಮೇಲೆ ಹೇಳಿದ ಹೊಟ್ಟೆ, ಹಾರಾಟ, ಮೌನ, ಕಾಡು, ಈ ನಾಲ್ಕೂ ಸುಳಿವುಗಳಲ್ಲಿ ಇದು ವುಡ್‌ಕಾಕ್‌ನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ‘ಕಾಡಿನಲ್ಲಿತ್ತು, ಹೊಟ್ಟೆ ಗೆರೆಗೆರೆ, ಕೂಗಲಿಲ್ಲ, ಹಾಗಾಗಿ ವುಡ್‌ಕಾಕ್’ ಎಂಬ ದಾಖಲೆಯನ್ನು ಒಪ್ಪಲಾಗದಿರುವುದು ಇದೇ ಕಾರಣಕ್ಕೆ.

ಬೇರ್ಪಡಿಸುವ ದಾರಿ ಮತ್ತೆ ನೆತ್ತಿಗೇ ಹೋಗುತ್ತದೆ. ವುಡ್ ಸ್ನೈಪ್ ಎಷ್ಟೇ ವುಡ್‌ಕಾಕ್‌ನ ಹಾಗೆ ಕಂಡರೂ ಅದು ಸ್ನೈಪ್, ನೆತ್ತಿಯ ಪಟ್ಟೆ ಉದ್ದಕ್ಕೇ ಇರುತ್ತದೆ. ಬೆನ್ನಿನಲ್ಲಿ ಅಗಲವಾದ ತಿಳಿಹಳದಿ ಗೆರೆಗಳು ಕಡು ಹಿನ್ನೆಲೆಯ ಮೇಲೆ ಗಾಢವಾಗಿ ಕಾಣುತ್ತವೆ. ಒಟ್ಟಾರೆ ಬಣ್ಣ ವುಡ್‌ಕಾಕ್‌ನ ಕೆಂಗಂದಿಗಿಂತ ಕಪ್ಪಿನ ಕಡೆಗೆ ವಾಲುತ್ತದೆ. ಇರುವ ಜಾಗದಲ್ಲೂ ಸೂಕ್ಷ್ಮ ವ್ಯತ್ಯಾಸವಿದೆ: ವುಡ್ ಸ್ನೈಪ್‌ಗೆ ಬೇಕಾದ್ದು ಕಾಡಿಗೆ ಹೊಂದಿಕೊಂಡ, ಎತ್ತರದ ಹುಲ್ಲು ಬೆಳೆದ ಜೌಗು. ವುಡ್‌ಕಾಕ್‌ಗೆ ಬೇಕಾದ್ದು ಮರದ ನೆರಳು, ತರಗೆಲೆ, ಹಳ್ಳದ ತೇವ. ಆದರೂ ಇವೆರಡು ಜಾಗಗಳು ಹತ್ತು ಹೆಜ್ಜೆ ಅಂತರದಲ್ಲಿ ಇರಬಹುದಾದ್ದರಿಂದ ಜಾಗವನ್ನು ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ, ತೀರ್ಪಾಗಿ ಅಲ್ಲ.

ನೆತ್ತಿಯೂ ಬೆನ್ನೂ ಕಾಣದೆ ಹೋದರೆ? ಹೆಸರು ಬರೆಯಬೇಡಿ. ವುಡ್ ಸ್ನೈಪ್ ಜಾಗತಿಕವಾಗಿ ಅಪಾಯದ ಅಂಚಿನಲ್ಲಿರುವ ಹಕ್ಕಿ, ಐಯುಸಿಎನ್ ಪಟ್ಟಿಯಲ್ಲಿ ‘ದುರ್ಬಲ’ ವರ್ಗದಲ್ಲಿದೆ. ಊಹೆಯ ಮೇಲೆ ಬರೆದ ಒಂದೊಂದು ಹೆಸರೂ, ಎಲ್ಲಿ ಎಷ್ಟಿವೆ ಎಂಬ ಲೆಕ್ಕವನ್ನು ಕೆಡಿಸುತ್ತದೆ.

ಉಳಿದವು, ಬೇಗ ಬೇಗ

ಪಿನ್‌ಟೇಲ್ ಸ್ನೈಪ್ ದಕ್ಷಿಣ ಭಾರತದಲ್ಲಿ ಚಳಿಗಾಲಕ್ಕೆ ಧಾರಾಳವಾಗಿ ಬರುವ ಸ್ನೈಪ್. ಸಾಮಾನ್ಯ ಸ್ನೈಪ್‌ಗಿಂತ ಸ್ವಲ್ಪ ಒಣ ಜಾಗಗಳಲ್ಲೂ ಇರುವುದರಿಂದ ಮರಗಳ ನಡುವಿನ ಹುಲ್ಲಿನ ತೆರವುಗಳಿಂದಲೂ ಏಳುತ್ತದೆ, ಆಗ ಕಾಡು ಎಂಬ ಒಂದೇ ಕಾರಣಕ್ಕೆ ವುಡ್‌ಕಾಕ್ ಎಂದು ದಾಖಲಾಗುತ್ತದೆ. ಗಾತ್ರ ಗೊರವಂಕದಷ್ಟು, ಬಿಳಿ ಹೊಟ್ಟೆ, ಉದ್ದ ನೆತ್ತಿಗೆರೆ, ಇಷ್ಟು ಸಾಕು. ಅದನ್ನು ಸಾಮಾನ್ಯ ಸ್ನೈಪ್‌ನಿಂದ ಬೇರ್ಪಡಿಸಲು ರೆಕ್ಕೆಯಡಿಯ ದಟ್ಟ ಗೆರೆ ಮತ್ತು ಬಿಳಿ ಹಿಂದಂಚಿಲ್ಲದಿರುವುದು ಬೇಕು. ಸ್ವಿನ್‌ಹೋ ಸ್ನೈಪ್‌ನಿಂದ ಬೇರ್ಪಡಿಸಲು ಬಿಚ್ಚಿದ ಬಾಲದ ಅಂಚಿನ ಗರಿಗಳ ಫೋಟೋ ಬೇಕು, ಪಿನ್‌ಟೇಲ್‌ನಲ್ಲಿ ಅವು ಸೂಜಿಯಷ್ಟು ಕಿರಿದು.

ಜ್ಯಾಕ್ ಸ್ನೈಪ್ ತೀರಾ ಸಣ್ಣದು, 17ರಿಂದ 19 ಸೆಂ.ಮೀ. ಕೊಕ್ಕು ಸುಮಾರು 4 ಸೆಂ.ಮೀ. ತುಳಿಯುವಷ್ಟು ಹತ್ತಿರ ಹೋಗುವವರೆಗೂ ಏಳದೆ, ಎದ್ದರೂ ಸದ್ದಿಲ್ಲದೆ ಹಾರಿ ಹತ್ತಿರದಲ್ಲೇ ಇಳಿಯುತ್ತದೆ. ಈ ನಡತೆ ವುಡ್‌ಕಾಕ್‌ನದ್ದೇ ಆದರೂ ಗಾತ್ರ ನೋಡಿದವರಿಗೆ ಅನುಮಾನ ಬರಬಾರದು.

ಸಾಲಿಟರಿ ಸ್ನೈಪ್ ಹಿಮಾಲಯದ ಎತ್ತರದ ಹಕ್ಕಿ, 29ರಿಂದ 31 ಸೆಂ.ಮೀ. ಇರುವುದರಿಂದ ಗಾತ್ರ ಗೊಂದಲಕ್ಕೀಡು ಮಾಡಬಹುದು. ಕಲ್ಲುಗಳ ನಡುವಿನ ಬೆಟ್ಟದ ತೊರೆಯ ಅಂಚಿನಲ್ಲಿ ನೀರಿಗಿಳಿದು ಮೇಯುತ್ತದೆ. ಮುಖ ಬಿಳಚು, ಎದೆ ಶುಂಠಿಗಂದು, ಬೆನ್ನಿನ ಗೆರೆಗಳು ಬಿಳಿ.

ಪೇಂಟೆಡ್ ಸ್ನೈಪ್ ಹೆಸರಿಗೆ ಸ್ನೈಪ್, ಕುಟುಂಬವೇ ಬೇರೆ. ಕಣ್ಣಿನ ಸುತ್ತ ಹಿಂದಕ್ಕೆ ಎಳೆದಂತಿರುವ ಬಿಳಿ ಅಥವಾ ಹಳದಿ ಕನ್ನಡಕ, ಭುಜದ ಸುತ್ತ ಬಿಳಿ ಪಟ್ಟಿ, ತುದಿಯಲ್ಲಿ ಸ್ವಲ್ಪ ಬಾಗಿದ ಕೊಕ್ಕು. ಹಾರುವಾಗ ಕಾಲು ಜೋತುಬಿದ್ದಿರುತ್ತದೆ. ಹೆಣ್ಣಿನ ಬಣ್ಣ ಗಂಡಿಗಿಂತ ಗಾಢ. ವುಡ್‌ಕಾಕ್‌ನಲ್ಲಾದರೋ ಗಂಡು ಹೆಣ್ಣನ್ನು ಹೊರಗಿನಿಂದ ಗುರುತಿಸಲು ಆಗುವುದಿಲ್ಲ, ಯಾರಾದರೂ ಫೋಟೋ ನೋಡಿ ಹೇಳಿದರೆ ನಂಬಬೇಡಿ.

ಕಾಡಿನ ತೊರೆಯಲ್ಲಿ ಒಂಟಿಯಾಗಿ ಕಾಣುವ ಗ್ರೀನ್ ಸ್ಯಾಂಡ್‌ಪೈಪರ್ ಇನ್ನೊಂದು. ‘ಕಾಡಿನಲ್ಲಿರುವ ನೀರಂಚಿನ ಹಕ್ಕಿ’ ಎಂದಷ್ಟೇ ಕೇಳಿದವರು ಇದನ್ನೂ ವುಡ್‌ಕಾಕ್ ಎಂದುಕೊಳ್ಳುವುದುಂಟು. ಅದಕ್ಕೆ ಕಾರಣವೂ ಇಲ್ಲದಿಲ್ಲ: ಉತ್ತರದ ಕಾಡುಗಳಲ್ಲಿ ಈ ಹಕ್ಕಿ ಮರದ ಮೇಲಿನ ಹಳೆಯ ಥ್ರಷ್ ಗೂಡುಗಳಲ್ಲಿ ಮೊಟ್ಟೆಯಿಡುತ್ತದೆ, ಗೊರವಗಳಲ್ಲಿ ಅಪರೂಪದ ಅಭ್ಯಾಸ. ಆದರೆ ರೂಪದಲ್ಲಿ ಹೋಲಿಕೆಯೇ ಇಲ್ಲ. ಸಪೂರ ಮೈ, ಹಸಿರುಗಪ್ಪು ಬೆನ್ನು, ಹಾರಿದಾಗ ಥಳಥಳಿಸುವ ಬಿಳಿ ಸೊಂಟ, ಕಪ್ಪು ರೆಕ್ಕೆಯಡಿ, ಎತ್ತರದ ದನಿಯ ಸ್ಪಷ್ಟ ಕೂಗು. ವುಡ್ ಸ್ಯಾಂಡ್‌ಪೈಪರ್ ಹೆಸರಿನಲ್ಲಷ್ಟೇ ಕಾಡಿದೆ. ಚಳಿಗಾಲದಲ್ಲಿ ಅದನ್ನು ಕೆರೆ, ಗದ್ದೆಗಳ ಕೆಸರಿನಲ್ಲಿ ಹುಡುಕಬೇಕು.

ನತ್ತಿಂಗಗಳೂ (ನೈಟ್‌ಜಾರ್) ತರಗೆಲೆಯ ಬಣ್ಣದವು, ಹಗಲು ನೆಲದಲ್ಲಿ ಕೂತು ಸಂಜೆ ಏಳುತ್ತವೆ. ಕೂತಾಗ ಕೊಕ್ಕು ಕಂಡರೆ ಸಾಕು, ನತ್ತಿಂಗದ್ದು ಕಂಡೂ ಕಾಣದಷ್ಟು ಪುಟ್ಟದು. ಹಾರುವಾಗ ಬಾಲ ಉದ್ದ, ರೆಕ್ಕೆ ಉದ್ದ ಮತ್ತು ಸಪೂರ.

ಎಲ್ಲಿ, ಯಾವಾಗ, ಹೇಗೆ ನೋಡುವುದು

ದಕ್ಷಿಣದ ಬೆಟ್ಟಗಳಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಹುಡುಕುವುದು ಸರಿ. ಎತ್ತರದ ಶೋಲಾ ಕಾಡುಗಳ ಒಳಗೆ ಸಣ್ಣ ಹಳ್ಳ ಹರಿಯುವಲ್ಲಿ, ಮಣ್ಣು ಕಪ್ಪಾಗಿ ಮೆತ್ತಗಿರುವಲ್ಲಿ, ಮೇಲೆ ಮರದ ಕೊಂಬೆ ಮುಚ್ಚಿದ್ದು ಕೆಳಗೆ ಪೊದೆ ವಿರಳವಾಗಿರುವಲ್ಲಿ ನೋಡಿ. ಗಟ್ಟಿಯಾಗಿ ಒಣಗಿದ ನೆಲದಲ್ಲಿ ಅದು ಇರದು, ಕೊಕ್ಕು ಇಳಿಯದ ಮಣ್ಣಿನಲ್ಲಿ ಅದಕ್ಕೆ ಊಟವಿಲ್ಲ. ಈ ಕೊಕ್ಕಿನ ಮೇಲ್ದವಡೆಯ ತುದಿ ಮಾತ್ರ ಪ್ರತ್ಯೇಕವಾಗಿ ಮೇಲಕ್ಕೆ ಬಾಗಬಲ್ಲದು. ಮಣ್ಣೊಳಗೆ ಇಡೀ ಕೊಕ್ಕನ್ನು ತೆರೆಯದೆಯೇ ಎರೆಹುಳುವನ್ನು ಹಿಡಿಯಲು ಅದು ಅನುಕೂಲ. ಹಾಗೆ ಮೇಯ್ದ ಕಡೆ ಮೆತ್ತನೆಯ ಮಣ್ಣಿನಲ್ಲಿ ಪೆನ್ಸಿಲ್ ದಪ್ಪದ ದುಂಡು ತೂತುಗಳು ಗುಂಪು ಗುಂಪಾಗಿ ಉಳಿಯುತ್ತವೆ, ಪಕ್ಕದಲ್ಲಿ ಬಿಳಿ ಹಿಕ್ಕೆಯ ಚಿಮ್ಮುಗಳೂ ಇರಬಹುದು. ತೂತುಗಳನ್ನು ಸ್ನೈಪ್‌ಗಳೂ ಮಾಡುತ್ತವೆ. ಆದರೆ ದಟ್ಟ ಮರದಡಿಯ ತರಗೆಲೆಯ ನಡುವೆ ಕಂಡರೆ ಅಲ್ಲಿ ಕಾದು ನೋಡುವುದು ಸಾರ್ಥಕ.

ಹಗಲು ಹುಡುಕುವಾಗ ನಾಲ್ಕು ಹೆಜ್ಜೆ ಇಟ್ಟು ನಿಲ್ಲಿ, ಮುಂದಿನ ಹತ್ತು ಮೀಟರ್ ನೆಲವನ್ನು ದುರ್ಬೀನಿನಲ್ಲಿ ಎಡದಿಂದ ಬಲಕ್ಕೆ ಬಾಚಿ, ಆಮೇಲೆ ಮುಂದಿನ ನಾಲ್ಕು ಹೆಜ್ಜೆ. ಹುಡುಕಬೇಕಾದ್ದು ಹಕ್ಕಿಯನ್ನಲ್ಲ, ಕಪ್ಪು ಕಣ್ಣನ್ನು ಮತ್ತು ನೇರವಾದ ಕೊಕ್ಕಿನ ಗೆರೆಯನ್ನು. 8x42 ದುರ್ಬೀನು ಕಾಡಿನ ಮಂದ ಬೆಳಕಿಗೆ ಹೊಂದುತ್ತದೆ. 10x ಆದರೆ ನೋಟದ ಹರವು ಕಿರಿದಾಗಿ, ಎದ್ದ ಹಕ್ಕಿಯನ್ನು ಹಿಡಿಯುವುದು ಕಷ್ಟ. ಕೂತ ಹಕ್ಕಿ ಕಂಡರೆ ಅಲ್ಲೇ ನಿಂತುಬಿಡಿ. ಅದು ತನ್ನ ವೇಷವನ್ನು ನಂಬಿ ಕೂತಿದೆ, ನೀವು ಕದಲದಿದ್ದರೆ ಅದೂ ಕದಲದು. ನೆತ್ತಿ, ಹೊಟ್ಟೆ, ಬೆನ್ನು ಎಲ್ಲವನ್ನೂ ಸಾವಧಾನವಾಗಿ ನೋಡುವ ಭಾಗ್ಯ ಸಿಗುವುದು ಆಗ ಮಾತ್ರ.

ಸಂಜೆಯ ಕ್ರಮ ಬೇರೆ. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಅಂಚಿನಲ್ಲಿ, ಪಶ್ಚಿಮದ ಆಕಾಶ ತೆರೆದು ಕಾಣುವಂತೆ ನಿಲ್ಲಿ. ಸೂರ್ಯ ಮುಳುಗಿ ಬೆಳಕು ಇನ್ನೇನು ಆರುತ್ತಿದೆ ಎನ್ನುವಾಗ ವುಡ್‌ಕಾಕ್ ಮೇವಿಗೆ ಹೊರಡುತ್ತದೆ. ಬಣ್ಣ ಕಾಣುವುದಿಲ್ಲ, ನೆರಳಿನ ಆಕಾರವೇ ಆಧಾರ: ದುಂಡು ಮೈ, ಅಗಲ ರೆಕ್ಕೆ, ಮೋಟು ಬಾಲ, ಕೆಳಕ್ಕೆ ಚಾಚಿದ ಕೊಕ್ಕು. ಇದೇ ಹೊತ್ತಿನಲ್ಲಿ ಗೂಬೆ, ನತ್ತಿಂಗ, ದೊಡ್ಡ ಬಾವಲಿಗಳೂ ಹಾದುಹೋಗುತ್ತವೆ. ಕೊಕ್ಕಿನ ಗೆರೆ ಕಂಡರಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಿಮಾಲಯದಲ್ಲಿ ಬೇಸಿಗೆಯಲ್ಲಿ ನೋಡುವವರಿಗೆ ಕಿವಿಯ ಸಹಾಯವೂ ಇದೆ. ಮರಿ ಮಾಡುವ ಕಾಲದಲ್ಲಿ ಗಂಡು ಸಂಜೆಗತ್ತಲಲ್ಲಿ ಮತ್ತು ಬೆಳಗಿನ ಮೊಬ್ಬಿನಲ್ಲಿ ಮರಗಳ ತುದಿಯ ಮೇಲೆ ನಿಧಾನವಾಗಿ ಸುತ್ತು ಹಾರುತ್ತ ಎರಡು ಬಗೆಯ ಸದ್ದು ಮಾಡುತ್ತದೆ: ಮೊದಲು ಕಪ್ಪೆಯ ದನಿಯ ಕೆಲವು ಗೊರಗೊರ, ಕೊನೆಗೊಂದು ಚುರುಕಾದ ‘ತ್ಸಿವಿಕ್’. ಈ ಜೋಡಿ ಸದ್ದು ಕೇಳಿದರೆ ಹಕ್ಕಿ ಕಾಣದಿದ್ದರೂ ಗುರುತು ಖಚಿತ. ದಕ್ಷಿಣದಲ್ಲಿ ಚಳಿಗಾಲದಲ್ಲಿ ಇದನ್ನು ನಿರೀಕ್ಷಿಸಬೇಡಿ.

ಎದ್ದ ಹಕ್ಕಿಯನ್ನು ಇನ್ನೊಮ್ಮೆ ನೋಡುವ ಆಸೆಯಿಂದ ಹಿಂಬಾಲಿಸಿ ಎಬ್ಬಿಸುವುದು ಬೇಡ. ರಾತ್ರಿಯಿಡೀ ಮೇಯುವ ಹಕ್ಕಿಗೆ ಹಗಲು ವಿಶ್ರಾಂತಿಯ ಹೊತ್ತು. ಮತ್ತೆ ಮತ್ತೆ ಎಬ್ಬಿಸಿದರೆ ಶಕ್ತಿ ವ್ಯಯವಾಗುವುದಲ್ಲದೆ ಹದ್ದು ಗಿಡುಗಗಳ ಕಣ್ಣಿಗೂ ಬೀಳುತ್ತದೆ. ರಾತ್ರಿ ಟಾರ್ಚ್ ಹಿಡಿದು ಹುಡುಕುವುದಕ್ಕೂ ಇದೇ ಮಾತು ಅನ್ವಯ. ಸಂರಕ್ಷಿತ ಅರಣ್ಯದಲ್ಲಂತೂ ಅನುಮತಿಯಿಲ್ಲದೆ ಒಳಗೆ ಹೋಗುವಂತೆಯೇ ಇಲ್ಲ.

ಫೋಟೋ ಮತ್ತು ಟಿಪ್ಪಣಿ

ಹಾರುವ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕಡಿಮೆಯಾದರೆ ಗೆರೆಗಳೆಲ್ಲ ಕಲಸಿಹೋಗುತ್ತವೆ. ಕಾಡಿನೊಳಗೆ ಇದಕ್ಕೆ ಐಎಸ್ಒ 3200 ಅಥವಾ ಮೇಲೆ ಇಡಬೇಕಾಗುತ್ತದೆ. ಚಿತ್ರ ಕಾಳುಕಾಳಾದರೂ ಚಿಂತೆಯಿಲ್ಲ, ನೆತ್ತಿಯ ಪಟ್ಟೆಯ ದಿಕ್ಕು ಕಂಡರೆ ಸಾಕು. ಮಸುಕಾದ ಚಿತ್ರವನ್ನೂ ಅಳಿಸಬೇಡಿ. ರೆಕ್ಕೆಯ ಹಿಂದಂಚು, ಬಾಲದಡಿಯ ಬಿಳುಪು, ಸೊಂಟದ ಬಣ್ಣ ಇವು ಮಸುಕಿನಲ್ಲೂ ಉಳಿದಿರುತ್ತವೆ. ಬಣ್ಣದ ಬಗ್ಗೆ ಒಂದು ಎಚ್ಚರಿಕೆ: ಇಳಿಬಿಸಿಲಿನಲ್ಲಿ ಯಾವ ಸ್ನೈಪ್ ಆದರೂ ಕೆಂಗಂದಾಗಿ ಕಾಣುತ್ತದೆ, ಮಳೆಯಲ್ಲಿ ನೆಂದರೆ ಯಾವ ವುಡ್‌ಕಾಕ್ ಆದರೂ ಕಪ್ಪಾಗಿ ಕಾಣುತ್ತದೆ. ಗೆರೆಯ ದಿಕ್ಕನ್ನು ಬೆಳಕು ಬದಲಿಸಲಾರದು.

ಹೋಲಿಕೆಗೆ ಅಂತರಜಾಲದಲ್ಲಿ ಚಿತ್ರ ಹುಡುಕುವಾಗ ಬರೀ ‘ವುಡ್‌ಕಾಕ್’ ಎಂದು ಹುಡುಕಿದರೆ ಅಮೆರಿಕನ್ ವುಡ್‌ಕಾಕ್ ಧಾರಾಳವಾಗಿ ಬರುತ್ತದೆ, ಮೈ ಕುಲುಕುತ್ತ ನಡೆಯುವ ಆ ವಿಡಿಯೋಗಳನ್ನು ಬಹಳ ಜನ ನೋಡಿದ್ದಾರೆ. ಅದು ಉತ್ತರ ಅಮೆರಿಕದ ಬೇರೆ ಪ್ರಭೇದ. ಗಾತ್ರದಲ್ಲಿ ಸಣ್ಣದು, ಹೊಟ್ಟೆ ಅಡ್ಡಗೆರೆಯೇ ಇಲ್ಲದ ಬರಿ ಕಿತ್ತಳೆಗಂದು. ಅದನ್ನು ಮಾದರಿಯಾಗಿ ಇಟ್ಟುಕೊಂಡು ನಮ್ಮ ಬೆಟ್ಟದ ಹಕ್ಕಿಯ ಗೆರೆ ತುಂಬಿದ ಹೊಟ್ಟೆಯನ್ನು ನೋಡಿದವರು ‘ಇದು ವುಡ್‌ಕಾಕ್ ಅಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ‘ಯುರೇಷಿಯನ್’ ಎಂದು ಸೇರಿಸಿಯೇ ಹುಡುಕಿ.

ಟಿಪ್ಪಣಿಯನ್ನು ಹಕ್ಕಿ ಮರೆಯಾದ ಕೂಡಲೇ, ಪುಸ್ತಕವಾಗಲಿ ಫೋನಾಗಲಿ ತೆರೆದು ಚಿತ್ರ ನೋಡುವ ಮೊದಲೇ ಬರೆಯಿರಿ. ಚಿತ್ರ ನೋಡಿದ ಮೇಲೆ ಕಂಡಿದ್ದು ಯಾವುದು, ಚಿತ್ರದಲ್ಲಿದ್ದದ್ದು ಯಾವುದು ಎಂಬ ಗಡಿ ಅಳಿಸಿಹೋಗುತ್ತದೆ. ಬರೆಯಬೇಕಾದ್ದು: ಗಾತ್ರ ಪಾರಿವಾಳದ್ದೋ ಗೊರವಂಕದ್ದೋ, ನೆತ್ತಿಯ ಪಟ್ಟೆ ಅಡ್ಡವೋ ಉದ್ದವೋ ಅಥವಾ ಕಾಣಲಿಲ್ಲವೋ, ಹೊಟ್ಟೆ, ಬೆನ್ನು, ಹಿಂದಂಚು, ಬಾಲ, ಕೂಗು, ಎದ್ದ ದೂರ, ಹಾರಿದ ದಾರಿ, ಇಳಿದ ಜಾಗ, ನೆಲದ ತೇವ, ಸಮಯ. ಒಂದೊಂದರ ಎದುರೂ ಕಂಡಿತು, ಇರಲಿಲ್ಲ, ನೋಡಲಾಗಲಿಲ್ಲ ಎಂಬ ಮೂರರಲ್ಲಿ ಒಂದನ್ನು ನಮೂದಿಸಿ. ಹಕ್ಕಿ ವೀಕ್ಷಕರು ಕಂಡದ್ದನ್ನು ದಾಖಲಿಸುವ ಈಬರ್ಡ್ ಜಾಲತಾಣದಲ್ಲಿ ಪ್ರಭೇದ ಖಚಿತವಿಲ್ಲದಾಗ ಸ್ನೈಪ್ ಎಂದಷ್ಟೇ ಗುಂಪಿನ ಹೆಸರಿನಲ್ಲಿ ದಾಖಲಿಸುವ ಅವಕಾಶವಿದೆ. ಸ್ನೈಪೋ ವುಡ್‌ಕಾಕೋ ಎಂಬುದೇ ತೀರದಿದ್ದರೆ ಪಟ್ಟಿಗೆ ಏನನ್ನೂ ಸೇರಿಸದೆ, ವಿವರವನ್ನು ಟಿಪ್ಪಣಿಯಲ್ಲಿ ಇಟ್ಟು, ಅದೇ ಹಳ್ಳದ ಕಾಡಂಚಿಗೆ ಇನ್ನೊಂದು ಸಂಜೆ ಹೋಗಿ.